ಯಾವ ಭಾಗ ನಿಧಾನವಾಗುತ್ತೆ, ಸಾರ್?

ಕಳೆದ ತಿಂಗಳು ನನ್ನ ಕೈಗಡಿಯಾರ ದಿನಕ್ಕೆ ಆರು ನಿಮಿಷ ಹಿಂದೆ ಬೀಳತೊಡಗಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂಬಳದಲ್ಲಿ ಉಳಿಸಿ ಕೊಂಡ ಎಚ್‌ಎಂಟಿ ಅದು. ಬೆಳಿಗ್ಗೆ ಎದ್ದೊಡನೆ ಅದಕ್ಕೆ ಕೀಲಿ ಕೊಡುವುದು ನನಗೆ ಹಲ್ಲುಜ್ಜಿದಷ್ಟೇ ರೂಢಿ. ‘ಮೊಬೈಲಿನಲ್ಲೇ ಟೈಮ್ ಇದೆಯಲ್ಲಪ್ಪಾ’ ಎಂದು ಮಕ್ಕಳು ನಗುತ್ತಾರೆ, ನಗಲಿ. ಇಂಥ ಗಡಿಯಾರವನ್ನು ಬಿಚ್ಚಿ ಜೋಡಿಸಬಲ್ಲವನು ನಮ್ಮೂರಿನಲ್ಲಿ ಈಗ ಒಬ್ಬನೇ ಉಳಿದಿದ್ದಾನೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿ ಮುಗಿಸಿ ತಂದೆಯ ಜೊತೆ ಅಂಗಡಿಯಲ್ಲಿ ಕೂತವನು ಇವತ್ತಿಗೂ ಅದೇ ಸ್ಟೂಲಿನ ಮೇಲೆ ಕೂತಿದ್ದಾನೆ. ತಂದೆಯ ಫೋಟೊ ಗೋಡೆ ಗಡಿಯಾರಗಳ ನಡುವೆ ತೂಗುತ್ತಿದೆ.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನನ್ನ ಗಡಿಯಾರದ ಹಿಂಬದಿ ಬಿಚ್ಚಿದ. ‘ಎಣ್ಣೆ ಗಟ್ಟಿಯಾಗಿದೆ ಸಾರ್, ಸರ್ವಿಸ್ ಮಾಡ್ಬೇಕು’ ಎಂದ. ಮತ್ತೆ ಸ್ವಲ್ಪ ಹೊತ್ತು ಒಳಗೇ ನೋಡುತ್ತಿದ್ದು, ತಲೆಯೆತ್ತದೆ ಕೇಳಿದ: ‘ಸಾರ್, ವೇಗವಾಗಿ ಹೋಗೋ ಗಡಿಯಾರ ನಿಧಾನ ಆಗುತ್ತಂತೆ, ಹೌದಾ? ನಮ್ಮ ಹುಡುಗಿ ಪಿಯುಸಿ ಸೈನ್ಸು, ಎಲ್ಲೋ ಓದಿದಾಳೆ. ಗಡಿಯಾರ ಯಾಕೆ ನಿಧಾನ ಆಗುತ್ತೆ ಅಂತ ನಂಗೆ ಗೊತ್ತು. ಎಣ್ಣೆ ಒಣಗಿದ್ರೆ ಆಗುತ್ತೆ, ಧೂಳು ಹೊಕ್ರೆ ಆಗುತ್ತೆ, ಬಿಸಿಗೆ ಹೇರ್‌ಸ್ಪ್ರಿಂಗ್ ಹಿಗ್ಗಿದ್ರೆ ಆಗುತ್ತೆ. ಆದ್ರೆ ಓಡಿದ್ರೆ ಯಾವ ಭಾಗ ನಿಧಾನ ಆಗುತ್ತೆ?’

ನಾನು ಮೇಷ್ಟ್ರು. ಪ್ರಶ್ನೆ ಕೇಳಿದ ತಕ್ಷಣ ಬಾಯಿಂದ ಉತ್ತರ ಹೊರಬೀಳುವುದು ಮೂವತ್ತು ವರ್ಷದ ಚಟ. ‘ನಿಜವಾಗಿ ಏನೂ ಆಗೋದಿಲ್ಲಪ್ಪ, ಹೊರಗಿನಿಂದ ನೋಡೋರಿಗೆ ನಿಧಾನ ಆದ ಹಾಗೆ ಕಾಣುತ್ತೆ, ಅಷ್ಟೆ’ ಎಂದೆ.

ಅವನು ಚಿಮಟವನ್ನು ಕೆಳಗಿಟ್ಟ. ‘ಕಾಣೋದಾ, ಆಗೋದಾ ಸಾರ್? ದೂರದಲ್ಲಿಟ್ಟ ಗಡಿಯಾರ ಚಿಕ್ಕದಾಗಿ ಕಾಣುತ್ತೆ. ಹತ್ತಿರ ತಂದ್ರೆ ಮೊದಲಿದ್ದಷ್ಟೇ ಇರುತ್ತೆ. ಇದೂ ಹಂಗೇನಾ? ವಾಪಸ್ ತಂದು ಪಕ್ಕದಲ್ಲಿಟ್ರೆ ಟೈಮ್ ಸರಿ ತೋರಿಸುತ್ತಾ?’

ನಾನು ಸುಮ್ಮನಾದೆ. ಅವನು ನಕ್ಕ. ‘ಒಂಬತ್ತನೇ ಕ್ಲಾಸಲ್ಲೂ ಇದನ್ನೇ ಕೇಳಿದ್ದೆ ಸಾರ್. ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದೆ. ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ ಅಂದಿದ್ರಿ.’ ಅವನ ಮಾತಿನಲ್ಲಿ ಕಹಿಯೇನೂ ಇರಲಿಲ್ಲ. ‘ಹುಡುಗಿಗೂ ಹಂಗೇ ಅನ್ನಬಹುದಿತ್ತು, ಮನಸ್ಸು ಬರಲಿಲ್ಲ’ ಎಂದ.

ಒಂಬತ್ತನೇ ತರಗತಿಯ ಆ ದಿನ ನನಗೆ ನೆನಪಿಲ್ಲ. ಆದರೆ ಹಾಗೆ ಅಂದಿರುತ್ತೇನೆ ಎಂಬುದರಲ್ಲಿ ಅನುಮಾನವೂ ಇಲ್ಲ. ಬಿಎಸ್ಸಿ ಕೊನೆಯ ವರ್ಷದಲ್ಲಿ ಸಾಪೇಕ್ಷತಾ ಸಿದ್ಧಾಂತದ ಅಧ್ಯಾಯವಿತ್ತು. ಸೂತ್ರವನ್ನು ಬಾಯಿಪಾಠ ಮಾಡಿ, ಎರಡು ಲೆಕ್ಕ ಮಾಡಿ ಪಾಸಾದೆ. ಆ ಸೂತ್ರ ಏನು ಹೇಳುತ್ತದೆ ಎಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ‘ಪರೀಕ್ಷೆಗೆ ಬರೋದಿಲ್ಲ’ ಎಂಬುದು, ‘ನನಗೆ ಗೊತ್ತಿಲ್ಲ’ ಎಂಬ ಮಾತಿಗೆ ಮೇಷ್ಟ್ರುಗಳು ತೊಡಿಸುವ ಅಂಗಿ.

‘ಗಡಿಯಾರ ಯಾವಾಗ ಕೊಡ್ತೀಯಪ್ಪ?’ ಎಂದು ಕೇಳಿದೆ.

‘ಶುಕ್ರವಾರ ಸಾರ್.’

‘ಉತ್ತರವೂ ಶುಕ್ರವಾರ. ಮಗಳನ್ನೂ ಬರಹೇಳು.’

ಆ ನಾಲ್ಕು ದಿನ ನಾನು ಮತ್ತೆ ವಿದ್ಯಾರ್ಥಿಯಾದೆ. ಓದಿದ್ದನ್ನೂ, ಶುಕ್ರವಾರ ಅಂಗಡಿಯಲ್ಲಿ ನಡೆದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಹತ್ತನೇ ತರಗತಿಯ ಪೈಥಾಗರಸ್ ಪ್ರಮೇಯ ಗೊತ್ತಿದ್ದರೆ ಸಾಕು, ಇದರ ತಿರುಳು ನಿಮಗೂ ದಕ್ಕುತ್ತದೆ. ತಂದೆತಾಯಿಯರು ಪ್ರಮೇಯವನ್ನು ಮರೆತಿದ್ದರೆ ಪಕ್ಕದಲ್ಲಿ ಕೂತಿರುವ ಮಗನನ್ನೋ ಮಗಳನ್ನೋ ಕೇಳಬಹುದು.

ಮೊದಲು ರೈಲಿನಲ್ಲಿ ಕೂತು ಚೆಂಡೊಂದನ್ನು ನೇರ ಮೇಲಕ್ಕೆ ಎಸೆಯಿರಿ. ಅದು ನೇರ ಮೇಲಕ್ಕೆ ಹೋಗಿ ನೇರ ಕೆಳಗೆ ನಿಮ್ಮ ಕೈಗೇ ಬರುತ್ತದೆ. ಪ್ಲಾಟ್‌ಫಾರಂ ಮೇಲೆ ನಿಂತವನಿಗೆ ಅದೇ ಚೆಂಡು ಓರೆಯಾಗಿ ಹೋಗಿ ಓರೆಯಾಗಿ ಇಳಿದಂತೆ ತೋರುತ್ತದೆ, ಏಕೆಂದರೆ ಅಷ್ಟರಲ್ಲಿ ರೈಲು ಮುಂದೆ ಸಾಗಿರುತ್ತದೆ. ಓರೆ ದಾರಿ ಉದ್ದ. ಆದರೂ ಇಬ್ಬರ ಗಡಿಯಾರದಲ್ಲೂ ಹೊತ್ತು ಒಂದೇ. ಹೇಗೆಂದರೆ, ಹೊರಗಿನವನ ಲೆಕ್ಕದಲ್ಲಿ ಚೆಂಡಿಗೆ ರೈಲಿನ ವೇಗವೂ ಸೇರಿಕೊಂಡಿದೆ. ದಾರಿಯೂ ಹೆಚ್ಚು, ವೇಗವೂ ಹೆಚ್ಚು. ಲೆಕ್ಕ ಸರಿಹೋಯಿತು.

ಈಗ ಚೆಂಡಿನ ಬದಲು ಬೆಳಕನ್ನು ಎಸೆಯೋಣ. ರೈಲಿನ ನೆಲದ ಮೇಲೊಂದು ಕನ್ನಡಿ, ಅದರ ನೇರ ಮೇಲೆ 1.2 ಮೀಟರ್ ಎತ್ತರದಲ್ಲಿ ಇನ್ನೊಂದು. ನಡುವೆ ಬೆಳಕಿನ ಒಂದು ಮಿಣುಕು ಮೇಲೆ ಕೆಳಗೆ ಪುಟಿಯುತ್ತಿದೆ. ಕನ್ನಡಿಗೆ ಒಮ್ಮೆ ತಾಗಿದರೆ ಒಂದು ‘ಟಿಕ್’. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ, ಅಂದರೆ ಒಂದು ನ್ಯಾನೊಸೆಕೆಂಡಿನಲ್ಲಿ, ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ, 30 ಸೆಂಟಿಮೀಟರ್. ಆದ್ದರಿಂದ 1.2 ಮೀಟರ್ ಏರಲು ಅದಕ್ಕೆ 4 ನ್ಯಾನೊಸೆಕೆಂಡ್ ಬೇಕು. ಇದು ರೈಲಿನೊಳಗೆ ಕೂತವರ ಲೆಕ್ಕ.

ರೈಲು ಬೆಳಕಿನ ವೇಗದ ಐದನೇ ಮೂರರಷ್ಟು ವೇಗದಲ್ಲಿ ಹೋಗುತ್ತಿದೆ ಎಂದಿಟ್ಟುಕೊಳ್ಳಿ. ಹಾಗೆ ಹೋಗುವ ರೈಲಿಲ್ಲ, ಇರಲಿ. ಹೊರಗಿನವನ ಲೆಕ್ಕದಲ್ಲಿ ಬೆಳಕು ಓರೆಯಾಗಿ ಏರುತ್ತದೆ. ಎತ್ತರ 1.2 ಮೀಟರ್. ಅಷ್ಟರಲ್ಲಿ ರೈಲು ಮುಂದೆ ಹೋಗಿದ್ದು 0.9 ಮೀಟರ್ ಆದರೆ ಓರೆ ದಾರಿ ಎಷ್ಟು? ಅಂಗಡಿಯಲ್ಲಿ ಈ ಹುಡುಗಿ ಬಿಲ್ ಪುಸ್ತಕದ ಹಿಂಬದಿಯಲ್ಲಿ ತ್ರಿಕೋನ ಬರೆದು ನಾನು ಬಾಯಿ ತೆರೆಯುವ ಮುನ್ನವೇ ಹೇಳಿದಳು: ‘1.5 ಮೀಟರ್ ಸಾರ್. ಮೂರು, ನಾಲ್ಕು, ಐದು.’ ಅವಳ ಅಪ್ಪ ಪೆನ್ಸಿಲ್ ಇಸಿದುಕೊಂಡು ಒಂದೊಂದನ್ನೂ ವರ್ಗ ಮಾಡಿ ಕೂಡಿಸಿ ನೋಡಿದ. ರಿಪೇರಿಯವನು ಯಾರ ಮಾತನ್ನೂ ಸುಮ್ಮನೆ ನಂಬುವುದಿಲ್ಲ.

ಚೆಂಡಿನ ವಿಷಯದಲ್ಲಿ ಆದಂತೆ ಬೆಳಕಿಗೂ ರೈಲಿನ ವೇಗ ಸೇರಿಕೊಳ್ಳುವಂತಿದ್ದರೆ ತಕರಾರೇ ಇರಲಿಲ್ಲ. ಆದರೆ ಬೆಳಕಿಗೆ ಸೇರುವುದಿಲ್ಲ. ಇದು ಯಾರದೋ ಊಹೆಯಲ್ಲ, ಅಳೆದು ನೋಡಿದ ಸಂಗತಿ. 1964ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಓಡುತ್ತಿದ್ದ ಪಯಾನ್ ಎಂಬ ಕಣಗಳು ಹೊರಹಾಕಿದ ಕಿರಣಗಳ ವೇಗವನ್ನು ಅಳೆದರು. ಓಡುವವನು ಮುಂದಕ್ಕೆಸೆದ ಕಲ್ಲಿನಂತೆ ಆ ಕಿರಣಗಳ ವೇಗ ಇಮ್ಮಡಿಯಾಗಬೇಕಿತ್ತಲ್ಲವೇ? ಆಗಿರಲಿಲ್ಲ. ಅದೇ 3 ಲಕ್ಷ ಕಿಲೋಮೀಟರ್. ಬೆಳಕನ್ನು ಯಾರು ಅಳೆದರೂ, ಎಷ್ಟು ವೇಗದಲ್ಲಿ ಓಡುತ್ತ ಅಳೆದರೂ, ಅದರ ವೇಗ ಅಷ್ಟೇ. 1905ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದ 26 ವರ್ಷದ ಐನ್‌ಸ್ಟೈನ್ ಹಿಡಿದ ಹಟವೂ ಇದೇ.

ಹಾಗಿದ್ದ ಮೇಲೆ ಹೊರಗಿನವನ ಗಡಿಯಾರದಲ್ಲಿ ಬೆಳಕು 1.5 ಮೀಟರ್ ಏರಲು 5 ನ್ಯಾನೊಸೆಕೆಂಡ್ ತೆಗೆದುಕೊಳ್ಳಲೇಬೇಕು. ಒಳಗಿನವನಿಗೆ 4, ಹೊರಗಿನವನಿಗೆ 5. ಟಿಕ್ ಒಂದೇ! 5 ನ್ಯಾನೊಸೆಕೆಂಡಿನಲ್ಲಿ 0.9 ಮೀಟರ್ ಸಾಗಿದ ರೈಲಿನ ವೇಗ ಬೆಳಕಿನ ಐದನೇ ಮೂರು ಹೌದೋ ಅಲ್ಲವೋ, ನೀವೇ ಭಾಗಿಸಿ ನೋಡಿ. ರೈಲಿನ ವೇಗ ಬೆಳಕಿನ ಐದನೇ ನಾಲ್ಕಾದರೆ ಈ ಲೆಕ್ಕ ಏನಾಗುತ್ತದೆ? ಅದನ್ನು ನಾನು ಮಾಡಿಕೊಡುವುದಿಲ್ಲ.

‘ಅದು ಬೆಳಕಿನ ಗಡಿಯಾರದ ಕತೆ ಆಯ್ತು ಸಾರ್’ ಎಂದ ನಮ್ಮ ರಿಪೇರಿಯವನು. ‘ನನ್ನ ಹತ್ರ ಇರೋದು ಸ್ಪ್ರಿಂಗಿಂದು. ಇದರಲ್ಲಿ ಕನ್ನಡೀನೂ ಇಲ್ಲ, ಬೆಳಕೂ ಇಲ್ಲ. ಇದ್ಯಾಕೆ ನಿಧಾನ ಆಗ್ಬೇಕು?’

ಈ ಪ್ರಶ್ನೆಯನ್ನು ಕೇಳುವ ಬುದ್ಧಿ ಬಿಎಸ್ಸಿಯಲ್ಲಿ ನನಗೆ ಬರಲಿಲ್ಲ. ಉತ್ತರವಿರುವುದು ಐನ್‌ಸ್ಟೈನ್‌ನಲ್ಲೂ ಅಲ್ಲ, ಅವನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನ ಗೆಲಿಲಿಯೊನಲ್ಲಿ. 1632ರ ತನ್ನ ಗ್ರಂಥದಲ್ಲಿ ಅವನು ಹೇಳಿದ್ದು ಇಷ್ಟು: ಹಡಗಿನ ಒಳಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂತವನಿಗೆ, ಹಡಗು ಅಲುಗಾಡದೆ ಒಂದೇ ವೇಗದಲ್ಲಿ ಸಾಗುತ್ತಿದ್ದರೆ, ಅದು ಸಾಗುತ್ತಿದೆಯೋ ನಿಂತಿದೆಯೋ ಎಂದು ಒಳಗಿನ ಯಾವ ಪರೀಕ್ಷೆಯಿಂದಲೂ ತಿಳಿಯದು. ರಾತ್ರಿ ರೈಲಿನಲ್ಲಿ ಎಚ್ಚರವಾದಾಗ, ನಿಂತಿದೆಯೋ ಹೋಗುತ್ತಿದೆಯೋ ಎಂದು ಒಂದು ಕ್ಷಣ ತಬ್ಬಿಬ್ಬಾಗುವುದು ನಿಮಗೂ ಅನುಭವವಿದ್ದೀತು.

ಈಗ ರೈಲಿನೊಳಗೆ ಬೆಳಕಿನ ಗಡಿಯಾರದ ಪಕ್ಕದಲ್ಲೇ ನನ್ನ ಎಚ್‌ಎಂಟಿಯನ್ನೂ ಇಡೋಣ. ಬೆಳಕಿನದು ಮಾತ್ರ ನಿಧಾನವಾಗಿ, ಎಚ್‌ಎಂಟಿ ನಿಧಾನವಾಗದೆ ಉಳಿದರೆ ಎರಡಕ್ಕೂ ಹೊಂದಾಣಿಕೆ ತಪ್ಪುತ್ತದೆ. ಒಳಗೆ ಕೂತವನು ಕಿಟಕಿ ತೆರೆಯದೆಯೇ ‘ಓಹೋ, ನಾನು ಚಲಿಸುತ್ತಿದ್ದೇನೆ’ ಎಂದು ಕಂಡುಹಿಡಿದುಬಿಡುತ್ತಾನೆ. ಪ್ರಕೃತಿ ಅದಕ್ಕೆ ಅವಕಾಶ ಕೊಟ್ಟಿಲ್ಲ. ಆದ್ದರಿಂದ ಸ್ಪ್ರಿಂಗಿನ ಗಡಿಯಾರ, ಸೆಲ್ಲಿನ ಗಡಿಯಾರ, ಅವನ ನಾಡಿಯ ಬಡಿತ, ಅವನ ಉಗುರು ಬೆಳೆಯುವ ವೇಗ, ಡಬ್ಬಿಯಲ್ಲಿರುವ ಮೊಸರು ಹುಳಿಯಾಗುವ ವೇಗ ಎಲ್ಲವೂ ಒಂದೇ ಪ್ರಮಾಣದಲ್ಲಿ ಹೊಂದಿಕೊಂಡು ನಡೆಯಬೇಕು. ಒಳಗಿನವನಿಗೆ ಯಾವುದೂ ನಿಧಾನವಾದಂತೆ ಅನ್ನಿಸುವುದೂ ಇಲ್ಲ.

‘ಹಂಗಾದ್ರೆ ಯಾವ ಭಾಗಾನೂ ಅಲ್ಲ’ ಎಂದ ಅವನು, ನಿಧಾನವಾಗಿ.

‘ಯಾವ ಭಾಗವೂ ಅಲ್ಲ. ನಿನ್ನ ಭೂತಗನ್ನಡಿಗೆ ಅದು ಸಿಗೋದಿಲ್ಲ.’

ಅವನ ಇನ್ನೊಂದು ಪ್ರಶ್ನೆ ಹಾಗೇ ಉಳಿದಿತ್ತು: ಕಾಣುವುದೋ, ಆಗುವುದೋ? ಇದಕ್ಕೆ ತ್ರಿಕೋನ ಸಾಲದು, ಸಾಕ್ಷಿ ಬೇಕು. ಆ ಸಾಕ್ಷಿ ಈ ಕ್ಷಣದಲ್ಲೂ ನಿಮ್ಮ ಅಂಗೈಯನ್ನು ಹಾದುಹೋಗುತ್ತಿದೆ.

ಬಾಹ್ಯಾಕಾಶದಿಂದ ವಿಶ್ವಕಿರಣಗಳು ಹಗಲೂ ರಾತ್ರಿ ಭೂಮಿಯ ಮೇಲೆ ಸುರಿಯುತ್ತಿವೆ. ಅವು ಗಾಳಿಯ ಮೇಲ್ಪದರಕ್ಕೆ ಬಡಿದಾಗ, ನೆಲದಿಂದ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ, ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಎಲೆಕ್ಟ್ರಾನಿನ ಅಣ್ಣ ಎನ್ನಬಹುದು, ತೂಕದಲ್ಲಿ ಅದರ ಇನ್ನೂರೇಳು ಪಟ್ಟು. 1936ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ನೆಡರ್‌ಮೇಯರ್ ಇದನ್ನು ಗುರುತಿಸಿದರು. ಈ ಕಣಕ್ಕೆ ಆಯುಷ್ಯ ಬಹಳ ಕಡಿಮೆ. ಸರಾಸರಿ 2.2 ಮೈಕ್ರೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಚಿಲ್ಲರೆ ಭಾಗ. ಅಷ್ಟರೊಳಗೆ ಒಡೆದು ಬೇರೆ ಕಣಗಳಾಗುತ್ತದೆ. ಕೆಲವು ಬೇಗ, ಕೆಲವು ತಡವಾಗಿ. ಸರಾಸರಿ ಮಾತ್ರ ಇಷ್ಟೇ. ಹಾಗಾಗಿ ಇದೊಂದು ಗಡಿಯಾರವೇ ಸರಿ. ಇದರೊಳಗೆ ಸ್ಪ್ರಿಂಗಿಲ್ಲ, ಎಣ್ಣೆಯಿಲ್ಲ, ಕೆಡುವ ಭಾಗವೇ ಇಲ್ಲ.

ಲೆಕ್ಕ ಹಾಕಿ. ಬೆಳಕಿನ ವೇಗದಲ್ಲೇ ಓಡಿದರೂ 2.2 ಮೈಕ್ರೊಸೆಕೆಂಡಿನಲ್ಲಿ ಅದು ಸಾಗಬಲ್ಲದ್ದು 660 ಮೀಟರ್. ನೆಲ ಇರುವುದು 15 ಕಿಲೋಮೀಟರ್ ಕೆಳಗೆ. ಇಪ್ಪತ್ತಮೂರು ಆಯುಷ್ಯಗಳಷ್ಟು ದಾರಿ! ಈ ಲೆಕ್ಕದಲ್ಲಿ ಸಾವಿರ ಕೋಟಿ ಮ್ಯೂಆನ್‌ಗಳು ಹೊರಟರೆ ನೆಲ ಮುಟ್ಟುವುದು ಒಂದೋ ಎರಡೋ. ಆದರೆ ಅಂಗೈಯನ್ನು ಆಕಾಶಕ್ಕೆ ಹಿಡಿದರೆ ಅದರ ಮೂಲಕ ಸೆಕೆಂಡಿಗೆ ಸುಮಾರು ಒಂದರಂತೆ ಅವು ಹಾದುಹೋಗುತ್ತಿವೆ. ನೋವಿಲ್ಲ, ಗುರುತಿಲ್ಲ. ಈ ಪುಟ ಓದಿ ಮುಗಿಸುವಷ್ಟರಲ್ಲಿ ನೂರಾರು ಹೋಗಿರುತ್ತವೆ.

ಹೇಗೆ ಬಂದವು? ಬೆಳಕಿನ ವೇಗದ ಶೇಕಡ 99.8ರಷ್ಟು ವೇಗದಲ್ಲಿ ಓಡುವ ಮ್ಯೂಆನಿನ ಗಡಿಯಾರ ನಮ್ಮ ಲೆಕ್ಕಕ್ಕೆ ಸುಮಾರು 16 ಪಟ್ಟು ನಿಧಾನ. ನಾವು 50 ಮೈಕ್ರೊಸೆಕೆಂಡ್ ಎಣಿಸುವಷ್ಟರಲ್ಲಿ ಅದಕ್ಕೆ ಕಳೆದದ್ದು ಮೂರು ಚಿಲ್ಲರೆ. ಹಾಗಾಗಿ ಹೆಚ್ಚುಕಡಿಮೆ ಕಾಲು ಭಾಗ ಬದುಕಿ ಬರುತ್ತದೆ. ಸಾವಿರ ಕೋಟಿಯಲ್ಲಿ ಒಂದೆರಡು ಎಲ್ಲಿ, ನಾಲ್ಕರಲ್ಲಿ ಒಂದು ಎಲ್ಲಿ! ಬರೀ ಕಾಣುವುದಾಗಿದ್ದರೆ ಸತ್ತ ಕಣ ನೆಲಕ್ಕೆ ಬಂದು ಉಪಕರಣದೊಳಗೆ ಗುರುತು ಬಿಡುತ್ತಿರಲಿಲ್ಲ. ಇಷ್ಟು ವರ್ಷ ‘ಕಾಣುತ್ತದೆ’ ಎಂದು ಪಾಠ ಹೇಳಿದ ನನ್ನ ತಪ್ಪನ್ನು ಇಲ್ಲಿ ತಿದ್ದಿಕೊಳ್ಳುತ್ತೇನೆ. ಆಗುತ್ತದೆ.

ಮ್ಯೂಆನನ್ನು ಹೀಗೆ ಸಾಕ್ಷಿಕಟ್ಟೆಗೆ ಕರೆಯಬಹುದು ಎಂದು ಬಹಳ ಮೊದಲೇ ಹೊಳೆದವರಲ್ಲಿ ನಮ್ಮ ಹೋಮಿ ಭಾಭಾ ಒಬ್ಬರು. 1938ರಲ್ಲಿ ಕೇಂಬ್ರಿಜ್‌ನಲ್ಲಿದ್ದಾಗ ‘ನೇಚರ್’ ಪತ್ರಿಕೆಗೆ ಬರೆದ ಟಿಪ್ಪಣಿಯಲ್ಲಿ ಅವರು, ವಿಶ್ವಕಿರಣಗಳ ಅಲ್ಪಾಯುಷಿ ಕಣ ವೇಗವಾಗಿ ಓಡುವಾಗ ಹೆಚ್ಚು ಹೊತ್ತು ಬಾಳಬೇಕೆಂದೂ, ಸಾಪೇಕ್ಷತಾ ಸಿದ್ಧಾಂತವನ್ನು ಅದರಿಂದಲೇ ಒರೆಗೆ ಹಚ್ಚಬಹುದೆಂದೂ ಸೂಚಿಸಿದ್ದರು. 1939ರಲ್ಲಿ ರಜೆಗೆಂದು ಊರಿಗೆ ಬಂದವರು ಯುದ್ಧ ಶುರುವಾಗಿ ಇಲ್ಲೇ ಉಳಿದರು; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿ ವಿಶ್ವಕಿರಣಗಳ ಅಧ್ಯಯನಕ್ಕೆ ವಿಭಾಗವನ್ನೇ ತೆರೆದರು. ಅವರ ಶಿಷ್ಯ, ನಂಜನಗೂಡಿನವರಾದ ಬಿ. ವಿ. ಶ್ರೀಕಂಠನ್, 1951ರಿಂದ ಕೋಲಾರದ ಚಿನ್ನದ ಗಣಿಯೊಳಗೆ ಇಳಿದು ಬೇರೆ ಬೇರೆ ಆಳದಲ್ಲಿ ಮ್ಯೂಆನ್‌ಗಳನ್ನು ಎಣಿಸಿದರು. ಹೆಚ್ಚು ಶಕ್ತಿಯ ಮ್ಯೂಆನ್‌ಗಳು ಬಂಡೆಯನ್ನೂ ಕೊರೆದು ಇಳಿಯುತ್ತವೆ. ಎರಡು ಕಿಲೋಮೀಟರಿಗೂ ಮೀರಿದ ಆಳದಲ್ಲಿ ಅವೂ ಹೆಚ್ಚುಕಡಿಮೆ ಇಲ್ಲವಾದವು. ಆ ನಿಶ್ಶಬ್ದದಲ್ಲೇ 1965ರಲ್ಲಿ, ವಿಶ್ವಕಿರಣಗಳಿಂದ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. 2001ರಲ್ಲಿ ಗಣಿ ಮುಚ್ಚಿತು. ಕೆಜಿಎಫ್ ಎಂದರೆ ಈಗಿನ ಮಕ್ಕಳಿಗೆ ಸಿನಿಮಾ ನೆನಪಾಗುತ್ತದೆ. ಅಲ್ಲಿ ಚಿನ್ನದ ಜೊತೆ ಇದೂ ಸಿಕ್ಕಿತ್ತು ಎಂದು ಹೇಳಬೇಕಾದವರು ನಾವು.

ಅಳತೆಯ ವಿಷಯಕ್ಕೆ ಮರಳೋಣ. 1963ರಲ್ಲಿ ಅಮೆರಿಕದ ಫ್ರಿಶ್ ಮತ್ತು ಸ್ಮಿತ್ ಎಂಬಿಬ್ಬರು ವಾಷಿಂಗ್ಟನ್ ಪರ್ವತದ ತುದಿಯಲ್ಲಿ, ಸುಮಾರು 1,900 ಮೀಟರ್ ಎತ್ತರದಲ್ಲಿ, ಒಂದು ನಿರ್ದಿಷ್ಟ ವೇಗದ ಮ್ಯೂಆನ್‌ಗಳನ್ನು ಎಣಿಸಿದರು. ಗಂಟೆಗೆ ಸುಮಾರು 560. ಆಮೇಲೆ ಸಮುದ್ರಮಟ್ಟಕ್ಕೆ ಇಳಿದು ಎಣಿಸಿದರು. ಕಾಲ ಎಲ್ಲರಿಗೂ ಒಂದೇ ಆಗಿದ್ದರೆ ಸುಮಾರು 30 ಉಳಿಯಬೇಕಿತ್ತು. ಉಳಿದದ್ದು 410ರ ಆಸುಪಾಸು. ಇನ್ನೂ ಕಟ್ಟುನಿಟ್ಟಾದ ಪರೀಕ್ಷೆ 1977ರ ಹೊತ್ತಿಗೆ ಸರ್ನ್‌ನಲ್ಲಿ ಆಯಿತು. ಮ್ಯೂಆನ್‌ಗಳನ್ನು ದೊಡ್ಡ ಉಂಗುರದಲ್ಲಿ ಸುತ್ತಿಸಿದರು. ಅವುಗಳ ಸರಾಸರಿ ಆಯುಷ್ಯ 2.2ರಿಂದ 64 ಮೈಕ್ರೊಸೆಕೆಂಡಿಗೆ ಏರಿತು, ಸೂತ್ರ ಹೇಳಿದಂತೆ 29 ಪಟ್ಟು.

ಹುಡುಗಿ ಅಷ್ಟು ಹೊತ್ತೂ ಏನನ್ನೋ ಯೋಚಿಸುತ್ತಿದ್ದಳು. ‘ಸಾರ್, ಮ್ಯೂಆನಿನ ಬೆನ್ನ ಮೇಲೆ ನಾನು ಕೂತಿದ್ದೀನಿ ಅಂದ್ಕೊಳ್ಳಿ. ನನ್ನ ಲೆಕ್ಕಕ್ಕೆ ಅದು ನಿಂತೇ ಇದೆ. ಅದರ ಆಯುಷ್ಯ 2.2 ಮೈಕ್ರೊಸೆಕೆಂಡೇ. ಹಂಗಾದ್ರೆ ನಾನು ನೆಲ ಮುಟ್ಟೋದು ಹೇಗೆ?’

ಪ್ರಶ್ನೆ ಕೇಳುವುದು ಮನೆತನದಲ್ಲೇ ಬಂದಿದೆ ಎಂದುಕೊಂಡೆ. ಅವಳಿಗೆ ಹೇಳಿದ್ದಿಷ್ಟು: ಕಾಲದ ಜೊತೆಗೆ ದೂರವೂ ಬದಲಾಗುತ್ತದೆ. ಅವಳ ಲೆಕ್ಕಕ್ಕೆ ಓಡಿ ಬರುತ್ತಿರುವುದು ಭೂಮಿ ಮತ್ತು ಅದರ ಗಾಳಿಯ ಪದರ. ಓಡುವ ವಸ್ತು ಓಟದ ದಿಕ್ಕಿನಲ್ಲಿ ಕುಗ್ಗುತ್ತದೆ. 15 ಕಿಲೋಮೀಟರ್ ಗಾಳಿ ಅವಳಿಗೆ ಸುಮಾರು 950 ಮೀಟರ್ ಮಾತ್ರ. ಆ ವೇಗದಲ್ಲಿ 950 ಮೀಟರಿಗೆ ಮೂರು ಚಿಲ್ಲರೆ ಮೈಕ್ರೊಸೆಕೆಂಡ್. ನಾವು ‘ಕಾಲ ನಿಧಾನವಾಯಿತು’ ಎಂದದ್ದನ್ನು ಅವಳು ‘ದಾರಿ ಗಿಡ್ಡವಾಯಿತು’ ಎನ್ನುತ್ತಾಳೆ. ನೆಲ ಮುಟ್ಟುವ ಕಣಗಳ ಸಂಖ್ಯೆಯಲ್ಲಿ ಇಬ್ಬರಿಗೂ ಜಗಳವಿಲ್ಲ.

ಮ್ಯೂಆನಿಗೆ ತಾನು ಹೆಚ್ಚು ಬಾಳಿದೆ ಎಂಬ ಸುಖವೂ ಇಲ್ಲ, ಗಮನಿಸಿ. ಅದು ಬಾಳಿದ್ದು ತನ್ನ ಪಾಲಿನದನ್ನೇ. ದಿನವಿಡೀ ಬಸ್ಸಿನಲ್ಲಿ ಓಡಾಡಿದರೆ ಆಯುಷ್ಯ ಹೆಚ್ಚಾಗುತ್ತದೆಯೇ ಎಂದು ಕೇಳುವವರಿಗಾಗಿ ಇನ್ನೊಂದು ಲೆಕ್ಕ ಹಾಕಿದೆ. ಗಂಟೆಗೆ 60 ಕಿಲೋಮೀಟರಿನಂತೆ ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ, ಮೂವತ್ತು ವರ್ಷ ಬಸ್ಸು ಓಡಿಸಿದ ಚಾಲಕನ ಗಡಿಯಾರ ಈ ವೇಗದ ಕಾರಣಕ್ಕೆ ಹಿಂದೆ ಬೀಳುವುದು ಅರ್ಧ ಮೈಕ್ರೊಸೆಕೆಂಡಿಗೂ ಕಡಿಮೆ. ಅವರಿಗೆ ಇದಕ್ಕಿಂತ ಒಳ್ಳೆಯ ಪಿಂಚಣಿ ಸಿಗಲಿ.

‘ವಾಪಸ್ ತಂದು ಪಕ್ಕದಲ್ಲಿಟ್ಟರೆ?’ ಎಂಬ ಅವನ ಮಾತಿಗೆ ನೇರ ಉತ್ತರವೂ ಇದೆ. 1971ರ ಅಕ್ಟೋಬರಿನಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬಿಬ್ಬರು ನಾಲ್ಕು ಸೀಸಿಯಂ ಗಡಿಯಾರಗಳನ್ನು ಮಾಮೂಲಿ ಪ್ರಯಾಣಿಕರ ವಿಮಾನಗಳಲ್ಲಿ ಹೇರಿಕೊಂಡು ಭೂಮಿಯನ್ನು ಎರಡು ಸಲ ಸುತ್ತಿದರು, ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ. ತಂದು ನೆಲದ ಗಡಿಯಾರದ ಪಕ್ಕದಲ್ಲಿಟ್ಟು ನೋಡಿದಾಗ ಪೂರ್ವಕ್ಕೆ ಹೋಗಿ ಬಂದದ್ದು ಸುಮಾರು 59 ನ್ಯಾನೊಸೆಕೆಂಡ್ ಹಿಂದೆ. ಪಶ್ಚಿಮದ್ದು ಸುಮಾರು 273 ಮುಂದೆ. ಭೂಮಿಯೇ ಪೂರ್ವಕ್ಕೆ ತಿರುಗುತ್ತಿರುವುದರಿಂದ ಪೂರ್ವದ ವಿಮಾನಕ್ಕೆ ಆ ವೇಗ ಕೂಡಿಕೊಳ್ಳುತ್ತದೆ, ಪಶ್ಚಿಮದ್ದಕ್ಕೆ ಕಳೆಯುತ್ತದೆ. ಇದರ ಮೇಲೆ ಎತ್ತರದ ಪ್ರಭಾವ ಬೇರೆ ಇದೆ. ಅಂಕಿಗಳು ಸಿದ್ಧಾಂತಕ್ಕೆ ಹೊಂದಿದವು.

ಅಂದರೆ ಹೀಗೆ: ವಾಪಸ್ ಬಂದ ಗಡಿಯಾರ ಅಲ್ಲಿಂದ ಮುಂದೆ ಮೊದಲಿನಂತೆಯೇ ಸರಿಯಾಗಿ ನಡೆಯುತ್ತದೆ. ಆದರೆ ಹಿಂದೆ ಬಿದ್ದದ್ದು ಹಿಂದೆಯೇ. ಬಸ್ ನಿಲ್ದಾಣದಿಂದ ಎರಡು ಆಟೊಗಳು ಹೊರಟು ಬೇರೆ ಬೇರೆ ದಾರಿಯಲ್ಲಿ ಒಂದೇ ಮನೆಗೆ ಬಂದವೆನ್ನಿ. ಒಂದರ ಮೀಟರ್ ಮೂರು ಕಿಲೋಮೀಟರ್ ತೋರಿಸುತ್ತದೆ, ಇನ್ನೊಂದರದು ಐದು. ಯಾವ ಮೀಟರೂ ಕೆಟ್ಟಿಲ್ಲ, ಯಾವ ಭಾಗವೂ ನಿಧಾನವಾಗಿಲ್ಲ. ದಾರಿ ಬೇರೆ, ಅಷ್ಟೆ. ಗಡಿಯಾರವೂ ಅಂಥದೇ ಮೀಟರು, ತಾನು ಬಂದ ದಾರಿಯ ಕಾಲವನ್ನು ಅಳೆಯುತ್ತದೆ. ಒಂದು ವ್ಯತ್ಯಾಸವಿದೆ: ಆಟೊದಲ್ಲಿ ಸುತ್ತುದಾರಿ ಬಂದವನ ಮೀಟರ್ ಹೆಚ್ಚು ತೋರಿಸುತ್ತದೆ, ಕಾಲದಲ್ಲಿ ಸುತ್ತಾಡಿ ಬಂದವನದು ಕಡಿಮೆ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ‘ಈಗ ಸರಿಹೋಯ್ತು ಸಾರ್’ ಎಂದ ಕೊನೆಗೆ. ‘ಇದು ರಿಪೇರಿ ಕೇಸೇ ಅಲ್ಲ.’

ಇದೆಲ್ಲ ನಮಗೆ ಯಾಕೆ ಬೇಕು ಎನ್ನುವ ತಂದೆತಾಯಿಯರು ಜೇಬಿನಲ್ಲಿರುವ ಮೊಬೈಲ್ ತೆಗೆದು ನಕ್ಷೆ ನೋಡಲಿ. ಅದಕ್ಕೆ ದಾರಿ ಹೇಳುವ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲೆ, ಸೆಕೆಂಡಿಗೆ ಸುಮಾರು 3.9 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿವೆ. ವೇಗದಿಂದ ಅವುಗಳ ಗಡಿಯಾರ ದಿನಕ್ಕೆ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ, ಎತ್ತರದಿಂದ 45 ಮುಂದೆ ಓಡುತ್ತದೆ. ಒಟ್ಟು 38 ಮುಂದೆ. ಇದನ್ನು ಮೊದಲೇ ಸರಿದೂಗಿಸದಿದ್ದರೆ ದೂರದ ಲೆಕ್ಕದಲ್ಲಿ ದಿನಕ್ಕೆ ಹತ್ತು ಕಿಲೋಮೀಟರಿಗೂ ಮೀರಿದ ತಪ್ಪು ಸೇರುತ್ತ ಹೋಗುತ್ತದೆ. ನಮ್ಮದೇ ‘ನಾವಿಕ್’ ವ್ಯವಸ್ಥೆಯ ಕೇಂದ್ರ ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿದೆ. ಅದರ ಮೊದಲ ಉಪಗ್ರಹದಲ್ಲಿದ್ದ ಮೂರೂ ಪರಮಾಣು ಗಡಿಯಾರಗಳು ಕೆಟ್ಟುಹೋದ ಸುದ್ದಿ 2017ರಲ್ಲಿ ಬಂತು. ಅವು ವಿದೇಶದಿಂದ ತರಿಸಿದ್ದವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಗಡಿಯಾರವಿದೆ. ಇದನ್ನು ಹೇಳಿದಾಗ ನಮ್ಮ ರಿಪೇರಿಯವನ ಮುಖ ನೋಡಬೇಕಿತ್ತು. ‘ಮೇಲೆ ಹೋಗಿ ಬಿಚ್ಚೋಕಾಗಲ್ವಲ್ಲ’ ಎಂದು ಮರುಗಿದ. ತುಮಕೂರಿನ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಮುಚ್ಚಿದ ಮೇಲೆ ಆ ಜಾಗ ಇಸ್ರೊಗೇ ಹೋಯಿತು ಎಂಬುದು ಅವನಿಗೆ ಗೊತ್ತಿತ್ತು. ಬಿಡಿ ಭಾಗಕ್ಕೆಂದು ಅವನ ತಂದೆ ತುಮಕೂರಿಗೆ ಹೋಗಿ ಬರುತ್ತಿದ್ದರಂತೆ.

ನನ್ನ ಗಡಿಯಾರ ಸಿದ್ಧವಾಗಿತ್ತು. ಕಿವಿಗೆ ಹಿಡಿದೆ. ಸೆಕೆಂಡಿಗೆ ಐದು ಟಿಕ್, ಹೊಸದರಂತೆ. ದುಡ್ಡು ಬೇಡವೆಂದ, ಗದರಿಸಿ ಕೊಟ್ಟೆ. ಎದ್ದು ಹೊರಡಬೇಕು, ಅಷ್ಟರಲ್ಲಿ ಹುಡುಗಿ ಗೋಡೆಯ ಕಡೆ ಕೈತೋರಿಸಿದಳು. ಅಂಗಡಿಯ ಮೂರು ಗೋಡೆಯ ಮೇಲೂ ಗಡಿಯಾರಗಳು, ನೆಲದ ಹತ್ತಿರದಿಂದ ಹಿಡಿದು ಸೂರಿನವರೆಗೆ.

‘ಎತ್ತರಕ್ಕೆ ಹೋದ್ರೆ ಗಡಿಯಾರ ಮುಂದೆ ಓಡುತ್ತೆ ಅಂದ್ರಲ್ಲ ಸಾರ್, 45 ಮೈಕ್ರೊಸೆಕೆಂಡು. ಅದು ವೇಗದಿಂದ ಅಲ್ಲ ತಾನೆ? ಹಂಗಾದ್ರೆ ಮೇಲಿನ ಸಾಲಿನ ಗಡಿಯಾರ ಕೆಳಗಿನ ಸಾಲಿನದಕ್ಕಿಂತ ಬೇಗ ಓಡ್ಬೇಕಲ್ವಾ?’

ಅವಳ ಅಪ್ಪ ಕೆಲಸ ನಿಲ್ಲಿಸಿ ಗೋಡೆ ನೋಡಿದ. ನಾನೂ ನೋಡಿದೆ. ಓಡುತ್ತದೆ. 2010ರಲ್ಲಿ ಅಮೆರಿಕದಲ್ಲಿ ಎರಡು ಗಡಿಯಾರಗಳನ್ನು ಬರೀ 33 ಸೆಂಟಿಮೀಟರ್ ಎತ್ತರದ ವ್ಯತ್ಯಾಸದಲ್ಲಿಟ್ಟು ಅಳೆದು ತೋರಿಸಿದ್ದಾರೆ. ಯಾಕೆ ಹಾಗೆ ಎಂದು ಹೇಳಲು ನನಗೆ ಇನ್ನೊಂದು ವಾರ ಬೇಕು ಎಂದು ಕೇಳಿಕೊಂಡು ಬಂದಿದ್ದೇನೆ.